ಗೋದಿ ಸಸಿಯೊಳಗ ನಮ್ಮವ್ವನ ಮಕ: ಕೊಪ್ಪಳದ ಹುಲ್ಲಿನ ಫೋಟೋ ಮಾಡ್ಸಿದ ಅನುಭವ

ಮೊದ್ಲ ಹೇಳಿಬಿಡ್ತೀನಿ, ನಾಲ್ಕೂವರಿ ಸಾವಿರ ರೂಪಾಯಿ ಕೊಟ್ಟು ಮಾಡ್ಸಿದ ಫೋಟೋ ಈಗ ನಮ್ಮನ್ಯಾಗ ಇಲ್ರಿ, ಆಡು ತಿಂದಾವ. ಆದ್ರೂ ಕುಂತು ಇಷ್ಟುದ್ದ ರಿವ್ಯೂ ಬರ್ಯಾಕತ್ತೀನಿ ಅಂದ್ರ ಆ ಹೆಣ್ಮಗಳ ಕೆಲಸ ನಂಗ ಎಷ್ಟು ಹಿಡಿಸೇತಿ ಅಂತ ನೀವ ತಿಳ್ಕೋರಿ. ಕೊಪ್ಪಳದಾಗ ಗವಿಮಠದ ಕಡೆ ಹೋಗೋ ದಾರ್ಯಾಗ ಒಂದು ಹಳೇ ಮನಿ ಬಾಡಿಗಿ ಹಿಡಿದು ಜೀವಂತ ಸಸಿ ಮ್ಯಾಲ, ಹಸಿ ಎಲಿ ಮ್ಯಾಲ ಫೋಟೋ ಮಾಡಿಕೊಡ್ತಾರ ಇವ್ರು. ಬೋರ್ಡು ಗೀರ್ಡು ಏನೂ ಇಲ್ಲ. "ಹೆಸರು ನಂಬರ್ ಎಲ್ಲೂ ಹಾಕಬ್ಯಾಡ್ರಿ ಅಕ್ಕೋರ, ತಿಂಗಳಿಗೆ ಮೂರಕ್ಕಿಂತ ಹೆಚ್ಚು ನನ್ನ ಕೈಲೆ ಆಗಂಗಿಲ್ಲ" ಅಂದಾರ, ಅದಕ್ಕ ಹಾಕಿಲ್ಲ. ಬೇಕಾದೋರು ಆ ಕಡೆ ಹೋಗಿ ಹುಲ್ಲಿನ ಫೋಟೋ ಅಕ್ಕನ ಮನಿ ಎಲ್ಲಿ ಅಂತ ಕೇಳ್ರಿ, ಸಣ್ಣ ಹುಡುಗ್ರೂ ತೋರಿಸ್ತಾವ.

ನಂಗ ಇವ್ರು ಗೊತ್ತಾಗಿದ್ದು ಸಾಲಿಯಿಂದ. ನಾನು ಹೈಸ್ಕೂಲಿನ್ಯಾಗ ಸೈನ್ಸ್ ಹೇಳ್ತೀನಿ. ಪ್ರತಿ ವರ್ಷ ಕುಂಡದ ಗಿಡಾನ ಎರಡು ದಿವಸ ಕತ್ತಲಾಗಿಟ್ಟು, ಎಲಿಗೆ ಕರಿ ಕಾಗದದ ಪಟ್ಟಿ ಕ್ಲಿಪ್ ಹಾಕಿ ಬಿಸಲಿಗಿಟ್ಟು, ಆಮ್ಯಾಲ ಎಲೀನ ಸ್ಪಿರಿಟ್‌ನ್ಯಾಗ ಕುದಿಸಿ ಅಯೋಡಿನ್ ಹಾಕಿ ತೋರಿಸ್ತೀವಲ್ರಿ, ಬಿಸಲು ಬಿದ್ದಲ್ಲಿ ಕರಿನೀಲಿ ಬರತೈತಿ, ಪಟ್ಟಿ ಇದ್ದಲ್ಲಿ ಬರಂಗಿಲ್ಲ, ಹಂಗಾದ್ರ ಪಿಷ್ಟ ತಯಾರಾಗಾಕ ಬೆಳಕು ಬೇಕು ಅಂತ ಹುಡುಗ್ರ ಕೈಲೆ ಹೇಳಿಸೋದು. ಇಪ್ಪತ್ತು ವರ್ಷದಿಂದ ಇದನ್ನ ಮಾಡೀನಿ, ಆದ್ರ ಆ ಪಟ್ಟಿ ಜಾಗಾದಾಗ ಒಂದು ಫೋಟೋ ನೆಗೆಟಿವ್ ಇಟ್ರ ಎಲಿಯೊಳಗ ಮನಷ್ಯಾನ ಮಕ ಮೂಡ್ತೈತಿ ಅನ್ನೋದು ಒಂದ್ ದಿನಾನೂ ಹೊಳದಿಲ್ಲ. ಹಾನ್ಸ್ ಮೊಲಿಶ್ ಅನ್ನೋ ಸಸ್ಯವಿಜ್ಞಾನಿ 1914ರಾಗನ ಇದನ್ನ ಮಾಡಿ ತೋರಿಸ್ಯಾನ. ನಮ್ಮ ಸಾಲಿ ಲ್ಯಾಬಿನ್ಯಾಗ ಆ ಸಾಮಾನೆಲ್ಲ ಇದ್ವು, ಮಾಡಾಕ ಮನಸು ಅಷ್ಟ ಬೇಕಾಗಿತ್ತು.

ಇವ್ರು ನಮ್ಮ ಸಾಲಿಗೆ ಬಂದಿದ್ರು, ಅವತ್ತು ಅರ್ಧ ದಿವಸ ನಮ್ಮ ಹುಡುಗ್ರಿಗೆ ಎರಡು ಥರ ಮಾಡಿಸಿದ್ರು, ಮಗೂಗೆ ಮೂವತ್ತು ರೂಪಾಯಿ ತೊಗೊಂಡ್ರು. ಒಂದು, ಪಾಲಕ್ ಎಲಿ ಮ್ಯಾಲ ಪ್ಲಾಸ್ಟಿಕ್ ಹಾಳಿಯಾಗ ಪ್ರಿಂಟ್ ಹಾಕಿದ ಚಿತ್ರ ಇಟ್ಟು, ಮ್ಯಾಲ ಗಾಜು, ನಾಲ್ಕೂ ಕಡೆ ಕ್ಲಿಪ್ಪು, ಮಾಳಿಗಿ ಮ್ಯಾಲ ಬಿಸಲಿಗೆ. ಇಲ್ಲಿ ಆಗೋದು ಕೊನೀಗೆ ಹೇಳೋ ಗೋದಿ ಫೋಟೋಕ್ಕ ಉಲ್ಟಾ, ಕಿತ್ತ ಎಲಿ ಆಗಿರೋದ್ರಿಂದ ಬಿಸಲು ಬಿದ್ದ ಜಾಗಾದ ಹಸರು ಬೆಳ್ಳಗಾಗತೈತಿ, ನೆಳ್ಳಿದ್ದ ಜಾಗ ಹಸರು ಉಳೀತೈತಿ. ಇನ್ನೊಂದು ಅರಿಷಿಣದ್ದು. ಅರಿಷಿಣ ಸ್ಪಿರಿಟ್‌ನ್ಯಾಗ ಕಲಿಸಿ ಕಾಗದಕ್ಕ ಬಳದು ಒಣಗಿಸಿ, ಅದರ ಮ್ಯಾಲ ಬೇವಿನ ಎಲಿ ಇಟ್ಟು ಬಿಸಲಿಗಿಟ್ರು. ಅರಿಷಿಣದ ಕಲಿ ಬಿದ್ದ ಸೀರಿ ಬಿಸಲಿಗೆ ಹಾಕಿದ್ರ ಕಲಿ ಹೋಗತೈತಿ ಅನ್ನೋದು ನಮ್ಮ ಹೆಣ್ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲಲ್ರಿ, ಅದೇ ಸುದ್ದಿ ಇದು, ಎರಡು ತಾಸಿನ್ಯಾಗ ಸುತ್ತ ಎಲ್ಲಾ ಬಿಳಿಚಿ ಬೇವಿನ ಎಲಿ ಅಷ್ಟ ಹಳದಿ ಉಳೀತು. ಆಮ್ಯಾಲ ಸಬಕಾರದ ನೀರು ಸವರಿದ್ರು, ಹಳದಿ ಹೋಗಿ ಕೆಂಪಾತು, ಹುಡುಗ್ರು ಹೋ ಅಂತ ಕೂಗ್ಯಾಡಿದ್ವು. ಆಮ್ಲ ಪ್ರತ್ಯಾಮ್ಲ ಪಾಠ ನಾನು ಮೂರು ಪಿರಿಯಡ್ ಹೇಳಿದ್ರೂ ಅಷ್ಟು ಹೋಗಿರಲಿಲ್ಲ ತಲಿಗೆ.

ಒಬ್ಬ ಹುಡುಗ ಕೇಳ್ದ, ಮಿಸ್ ಇದು ಎಷ್ಟು ದಿನ ಇರತೈತಿ ಅಂತ. ಅದಕ್ಕ ಅವ್ರು ಹೇಳಿದ್ದು ನಂಗ ಇನ್ನೂ ನೆನಪೈತಿ. ಇಂಗ್ಲೆಂಡಿನ ಜಾನ್ ಹರ್ಷೆಲ್ ಅಂತ ಒಬ್ಬವ, 1842ರಾಗ ಹೂವಿನ ರಸ ಎಲಿ ರಸ ಕಾಗದಕ್ಕ ಬಳದು ಬಿಸಲಿನ್ಯಾಗ ಚಿತ್ರ ಮೂಡ್ಸೋದು ಬರದಿಟ್ಟಾನ. ಬೆಳ್ಳಿ ಉಪ್ಪಿನ ಫೋಟೋ ಅಳಿಸಿ ಹೋಗದಂಗ ಹೈಪೋ ಅನ್ನೋ ರಾಸಾಯನಿಕದ ನೀರಾಗ ಅದ್ದಿ ಉಳಿಸ್ಕೊಳ್ಳೋ ದಾರಿ ಜಗತ್ತಿಗೆ ತೋರಿಸಿದವನೂ ಅವನ. ಅಂಥಾವನ ಕೈಲೇ ಈ ಗಿಡದ ಬಣ್ಣ ಹಿಡಿದು ನಿಲ್ಸಾಕ ಆಗಲಿಲ್ಲ. ಬೆಳಕಿಲೆ ಹುಟ್ಟಿದ್ದು ಬೆಳಕಿಲೇ ಹೋಗತೈತಿ ತಮ್ಮಾ, ಪುಸ್ತಕದೊಳಗ ಮುಚ್ಚಿಟ್ಟುಕೋ, ದಿನಾ ತಗದು ನೋಡಬ್ಯಾಡ ಅಂದ್ರು. ಆ ಹುಡುಗ ಈಗಲೂ ಆ ಹಾಳಿ ಸಮಾಜ ವಿಜ್ಞಾನದ ಪುಸ್ತಕದಾಗ ಇಟ್ಕೊಂಡಾನ, ಕೇಳಿದ್ರ ಅರ್ಧ ತಗದು ತೋರಿಸಿ ಮತ್ತ ಮುಚ್ಚತಾನ.

ಅವತ್ತ ಅವರ ಮನಿಗೆ ಬರ್ರಿ ಅಂದಿದ್ರು, ಹೋದೆ. ಒಳಗಿನ ಕೋಣಿ ಪೂರ್ತಿ ಕತ್ತಲ, ಕಿಟಕಿಗೆ ಕರಿ ತಾಡಪತ್ರಿ ಬಡದಾರ. ಅದರೊಳಗ ಒಂದು ಗೋಣಿತಾಟು ಕಟ್ಟಿದ ಕಟ್ಟಿಗಿ ಚೌಕಟ್ಟು ಗ್ವಾಡಿಗೆ ನಿಂತಿತ್ತು, ಅದರ ತುಂಬ ಗೇಣುದ್ದದ ಗೋದಿ ಸಸಿ, ಪ್ರೊಜೆಕ್ಟರಿನ ಬೆಳಕು ಅದರ ಮ್ಯಾಲ. ಪ್ರೊಜೆಕ್ಟರ್ ಆಫ್ ಮಾಡಿ ಒಂದು ಸಣ್ಣ ಬಲ್ಬ್ ಹಚ್ಚಿದ್ರು ನೋಡ್ರಿ, ಸಸಿಯೊಳಗ ಒಬ್ಬ ಮುದುಕಪ್ಪ ಪಟಗಾ ಸುತ್ತಿಕೊಂಡು ಕುಂತಾನ! ಬಣ್ಣ ಹಚ್ಚಿಲ್ಲ, ಕತ್ತರಿಸಿಲ್ಲ, ಏನೂ ಇಲ್ಲ. ನಾನು ಹತ್ರ ಹೋದೆ, ಬರೇ ಗೋದಿ ಎಲಿ. ಎಂಟು ಹೆಜ್ಜಿ ಹಿಂದ ಸರದೆ, ಮತ್ತ ಮುದುಕಪ್ಪ.

ಇದು ಹೆಂಗ ಆಗತೈತಿ ಅಂತ ನಮ್ಮ ಮಂದಿಗೆ ಹೇಳೋದು ಭಾಳ ಸರಳ, ನವರಾತ್ರಿಗೆ ಘಟ ಹಾಕ್ತೀವಲ್ಲ ಅದನ್ನ ನೆನಸ್ಕೋರಿ. ದೇವರ ಕೋಣ್ಯಾಗ ಕತ್ತಲಾಗ ಒಂಬತ್ತು ದಿವಸ ಬೆಳದ ಸಸಿ ಹಳದಿ ಇರತಾವ, ಬನ್ನಿ ದಿವಸ ಅದನ್ನ ಕಿತ್ತು ಟೋಪಿಗೆ ಸಿಗಿಸ್ಕೊಂಡು ಹೊರಗ ಓಡಾಡಿದ್ರ ಸಂಜೀಕ ಹಸರಿಗೆ ತಿರಗತಾವ. ಸಸಿ ಒಳಗ ಕ್ಲೋರೋಫಿಲ್ ಆಗೋದಕ್ಕ ಮುಂಚಿನ ಒಂದು ಪದಾರ್ಥ ತಯಾರಾಗಿ ಕುಂತಿರತೈತಿ, ಬೆಳಕು ಬಿದ್ರನ ಅದು ಕ್ಲೋರೋಫಿಲ್ ಆಗೋದು, ಬೀಳದಿದ್ರ ಹಳದಿ. ಎಷ್ಟು ಬೆಳಕೋ ಅಷ್ಟು ಹಸರು. ಇವ್ರು ಮಾಡೋದು ಇಷ್ಟ, ಕತ್ತಲಾಗ ಬೆಳ್ಯೋ ಸಸಿ ಮ್ಯಾಲ ಒಂದು ಫೋಟೋದ ನೆಗೆಟಿವ್ ಬಿಡ್ತಾರ, ದಿನಕ್ಕ ಹನ್ನೆರಡು ತಾಸು, ಒಂಬತ್ತು ಹತ್ತು ದಿವಸ. ನೆಗೆಟಿವ್‌ನ್ಯಾಗ ತಲಿಗೂದ್ಲು ಬೆಳ್ಳಗಿರತಾವಲ್ಲ, ಅಲ್ಲಿ ಬೆಳಕು ಬಿದ್ದು ಸಸಿ ಹಸರಾಗತೈತಿ, ಬಿಳಿ ಸೀರಿ ನೆಗೆಟಿವ್‌ನ್ಯಾಗ ಕರ್ರಗಿರತೈತಿ, ಅಲ್ಲಿ ಹಳದಿ ಉಳೀತೈತಿ. ಒಂದೊಂದು ಎಲೀನೂ ಒಂದೊಂದು ಚುಕ್ಕಿ.

ಈ ದಾರಿ ಹಾಕಿದೋರು ಇಂಗ್ಲೆಂಡಿನ ಹೆದರ್ ಅಕ್ರಾಯ್ಡ್ ಮತ್ತ ಡ್ಯಾನ್ ಹಾರ್ವೆ ಅಂತ ಇಬ್ಬರು. 1990ರಾಗ ಇಟಲಿಯ ಒಂದು ಹಳ್ಳ್ಯಾಗ ಗ್ವಾಡಿ ತುಂಬ ಹುಲ್ಲು ಬೆಳಸಿದ್ರಂತ, ಅದಕ್ಕ ಆನಿಸಿಟ್ಟ ನಿಚ್ಚಣಿಕಿ ತಗದ್ರ ಹಿಂದ ನಿಚ್ಚಣಿಕಿದ್ದ ಹಳದಿ ನೆಳ್ಳು ಮೂಡಿತ್ತು. ನಾವೂ ಹೊಲದಾಗ ಕಲ್ಲು ಎತ್ತಿದ್ರ ತಳಗ ಹುಲ್ಲು ಹಳದಿ ಆಗಿರೋದು ಎಷ್ಟು ಸಲ ನೋಡೀವಿ, ನೋಡಿ ಕಲ್ಲು ಅತ್ಲಾಗ ಒಗದು ಮುಂದ ಹೋಗೀವಿ. ಅವ್ರು ಅಲ್ಲೇ ನಿಂತು ವಿಚಾರ ಮಾಡಿದ್ರು. ಆಮ್ಯಾಲ ವೇಲ್ಸಿನ ಅಬೆರಿಸ್ಟ್‌ವಿತ್‌ನ್ಯಾಗ ಹುಲ್ಲಿನ ಸಂಶೋಧನೆ ಮಾಡೋರ ಕೂಡ ಸೇರಿ, ಒಣಗಿದ್ರೂ ಹಸರು ಬಿಡದಂಥ ಒಂದು ಹುಲ್ಲಿನ ತಳಿ ಬಳಸಿ ಚಿತ್ರ ಹೆಚ್ಚು ದಿನ ನಿಲ್ಲೋಹಂಗ ಮಾಡಿದ್ರು. ಸ್ಪೇನಿನ ಅಲ್ಮುದೇನಾ ರೊಮೆರೊ ಅನ್ನೋ ಕಲಾವಿದೆ ಇನ್ನೊಂದು ಕಡೆ ಹೋಗ್ಯಾರ, ಸಣ್ಣ ಸಣ್ಣ ಎಲಿಯ, ಅಳವಿ ಥರದ ಸೊಪ್ಪಿನ ಸಸಿ ಮ್ಯಾಲ ತಮ್ಮ ಮನಿತನದ ಫೋಟೋ ಮೂಡ್ಸಿ, 2021ರಾಗ ಫ್ರಾನ್ಸಿನ ಆರ್ಲ್ ಫೋಟೋ ಉತ್ಸವದಾಗ ತೋರಿಸ್ಯಾರ. ನಮ್ಮ ಕೊಪ್ಪಳದಾಕಿ ಈ ಮೂರೂ ಮಂದಿ ಕೆಲಸಾನ ಮೊಬೈಲಿನ್ಯಾಗ ತೋರಿಸಿದ್ರು, ಇವರ ದಾರಿ ನೋಡಿನ ನಾನು ಕಲ್ತಿದ್ದು ಅಂತ ಬಾಯಿ ತುಂಬ ಹೇಳಿದ್ರು. ತನ್ನದ ಅಂತ ಹೇಳ್ಕೊಂಡಿದ್ರ ನಮಗೇನು ಗೊತ್ತಾಗ್ತಿತ್ತು? ಹೇಳ್ಕೊಳ್ಳಲಿಲ್ಲ, ಅಲ್ಲೇ ನಂಗ ಅವರ ಮ್ಯಾಲ ಮರ್ಯಾದಿ ಬಂತು.

ಇನ್ನ ನನ್ನ ಆರ್ಡರ್ ಸುದ್ದಿ. ಎಳ್ಳ ಅಮಾಸಿಗೆ ನಾವು ಅಣ್ಣತಮ್ಮರು ಅಕ್ಕತಂಗೇರು ಎಲ್ಲಾ ಯಲಬುರ್ಗಾ ಕಡೆ ನಮ್ಮೂರಿಗೆ ಕೂಡ್ತೀವಿ, ಹೊಲಕ್ಕ ಹೋಗಿ ಚರಗ ಚೆಲ್ಲಿ ಉಂಡು ಬರೋದು. ಆವತ್ತಿಗೆ ನಮ್ಮವ್ವಂದು ಒಂದು ಮಾಡ್ಸೋಣು ಅಂತ ಅನಿಸ್ತು, ಎರಡೂವರಿ ಫೂಟು ಎರಡು ಫೂಟು ಸೈಜು, ನಾಲ್ಕೂವರಿ ಸಾವಿರ, ಸಾವಿರ ಅಡ್ವಾನ್ಸ್. ನನ್ನ ಮೊಬೈಲಿನ್ಯಾಗ ಇದ್ದ ಅವ್ವನ ಫೋಟೋ ಒಂದೂ ಅವರಿಗೆ ಪಾಸಾಗಲಿಲ್ಲ. ಎದುರಿಗೆ ಫ್ಲ್ಯಾಶ್ ಹಾಕಿ ತಗದದ್ದು ನಡೆಯಂಗಿಲ್ಲ, ಮುಂಜಾನಿ ಬಾಗಲದಾಗ ಕುಂದ್ರಿಸಿ ಅರ್ಧ ಮಕಕ್ಕ ಬೆಳಕು ಅರ್ಧ ಮಕಕ್ಕ ನೆಳ್ಳು ಬರೋಹಂಗ ತಗದು ಕಳಸ್ರಿ ಅಂದ್ರು, ನಾಲ್ಕು ಸಲ ವಾಪಸ್ ಕಳಿಸಿದ್ರು. ಅವ್ವ ಐದನೇ ಸಲಕ್ಕ, "ಇನ್ನ ನನ್ನ ಮಕ ಸವದು ಹೋಗತೈತಿ ಬಿಡs" ಅಂದ್ಲು. ಆದ್ರ ಆ ಐದನೇದನ್ನ ಒಪ್ಪಿದ್ರು ನೋಡ್ರಿ, ಅದು ಈಗ ನಮ್ಮ ಎಲ್ಲಾರ ಮೊಬೈಲಿನ್ಯಾಗೂ ಐತಿ, ಅವ್ವಂದು ಇದ್ದಿದ್ರೊಳಗ ಚೊಲೋ ಫೋಟೋ ಅದ.

ಕಾಳು ಯಾವುದು ಅಂತ ಮೊದ್ಲು ನಾನು ಜ್ವಾಳ ಹಾಕ್ರಿ ಅಂದಿದ್ದೆ, ನಾವು ಜ್ವಾಳ ಉಣ್ಣೋ ಮಂದಿ. ಜ್ವಾಳದ ಎಲಿ ಅಗಲ ಬರತೈತಿ, ಕಣ್ಣು ಮೂಗು ತೀಡಿದಂಗ ಬರಂಗಿಲ್ಲ, ಗೋದಿ ಸಪೂರ ಒತ್ತಾಗಿ ನೆಟ್ಟಗ ಬರತೈತಿ ಅಂತ ಅವ್ರು ಗೋದಿನ ಇಟ್ರು. ಕಾಳು ಒಂದು ರಾತ್ರಿ ನೆನಿಯಾಕ ಇಟ್ಟು, ಅರಿವಿಯೊಳಗ ಕಟ್ಟಿ ಮೊಳಕಿ ಬರಿಸಿ, ಜೇಡಿ ಮಣ್ಣಿನ ರಾಡಿಗೆ ಕಲಿಸಿ ಗೋಣಿತಾಟಿಗೆ ಮೆತ್ತತಾರ. ಎರಿಮಣ್ಣು ಆಗಂಗಿಲ್ಲ, ಆರಿದ್ರ ಬಿರಕು ಬಿಡತೈತಿ.

ಇಲ್ಲಿ ಮೊದಲನೇ ಎಡವಟ್ಟಾತು. ಮಣ್ಣು ಜಾರಬಾರದು ಅಂತ ಆ ಸಲ ಹುಣಸೀಬೀಜದ ಅಂಟು ಕಲಿಸ್ಯಾರ, ಕಿನ್ನಾಳ ಗೊಂಬಿ ಮಾಡೋರು ಬಳಸೋದು ನೋಡಿ ಕಲ್ತಿದ್ರಂತ. ಗೊಂಬಿ ಒಣಗಿಸಿಡೋ ಸಾಮಾನು, ಇದಕ್ಕ ದಿನಾ ನೀರು ಚಿಮಕಿಸಬೇಕು, ನಾಲ್ಕನೇ ದಿವಸ ಬೆಳ್ಳನ ಬೂಸರು ಹಿಡೀತು. ಫೋನ್ ಮಾಡಿ, "ಅಕ್ಕೋರ ಅಮ್ಮಾರ ಗದ್ದಕ್ಕ ಬೂಸರು ಬಂದೈತಿ, ನಾ ಹೊಸಾದು ಹಾಕ್ತೀನಿ, ರೊಕ್ಕ ಹೆಚ್ಚಿಗಿ ಬ್ಯಾಡ" ಅಂದ್ರು. ನಂಗ ದಿಗಿಲಾತು, ಅಮಾಸಿ ಹದಿನಾಲ್ಕು ದಿವಸ ಅಷ್ಟ ಉಳದಿತ್ತು. ಆದ್ರ ಮುಚ್ಚಿಡಲಿಲ್ಲ ಅಕಿ, ಫೋಟೋ ಸಮೇತ ಕಳಿಸಿದ್ರು. ಎರಡನೇದಕ್ಕ ಬರೇ ಮಣ್ಣು, ಅಂಟಿಲ್ಲ. ಕರೆಂಟ್ ಹೋದ್ರ ಬೆಳಕು ನಿಲ್ಲತೈತಿ ಅಂತ ಒಂದು ಬ್ಯಾಟರಿ ಇಟ್ಕೊಂಡಾರ, ಆದ್ರೂ ಒಂದು ರಾತ್ರಿ ಎರಡು ತಾಸು ಹೋಗಿತ್ತಂತ, ಅದನ್ನೂ ಮರುದಿನ ಲೆಕ್ಕ ಹಚ್ಚಿ ತುಂಬಿಸ್ಯಾರ.

ಅಮಾಸಿ ಇನ್ನೂ ಎರಡು ದಿವಸ ಇರಬೇಕಾದ್ರ ರಾತ್ರಿ ಎಂಟಕ್ಕ ಹೋಗಿ, ಕರಿ ಬಟ್ಟಿ ಸುತ್ತಿ, ತಮ್ಮನ ಗಾಡ್ಯಾಗ ಹಿಂದಿನ ಸೀಟಿಗೆ ನಿಂದ್ರಿಸಿ ಊರಿಗೆ ಒಯ್ದ್ವಿ. ಹಗಲಿ ಒಯ್ಯಂಗಿಲ್ಲ, ಹಳದಿ ಇದ್ದಿದ್ದು ಬೆಳಕಿಗೆ ಹಸರಿಗೆ ತಿರಗತೈತಿ. ನಾನು ತಿಳ್ಕೊಂಡಿದ್ದು ಫೋಟೋ ಮಾಸಿ ಹೋಗತೈತಿ ಅಂತ, ಮಾಸಂಗಿಲ್ಲರಿ ಇದು, ಸಸಿ ಪೂರ್ತಿ ಹಸರಾಗಿ ಮಕ ಅದರೊಳಗ ಮುಣಗತೈತಿ.

ದೇವರ ಕೋಣ್ಯಾಗ ಇಟ್ಟು ಸಣ್ಣ ಬಲ್ಬ್ ಹಚ್ಚಿ ಅವ್ವನ್ನ ಕರದ್ವಿ. ಬಾಗಲದಾಗ ನಿಂತ್ಲು. ತಲಿ ಮ್ಯಾಲಿನ ಸೆರಗು ಹಳದಿ, ಕೂದ್ಲು ಹಸರು, ಕೆನ್ನಿ ಮ್ಯಾಲಿನ ನೆರಿಗಿ ಹಸರು ಗೆರಿ ಗೆರಿ, ಹಣಿ ಮ್ಯಾಲ ಕುಂಕುಮ ಇದ್ದಲ್ಲಿ ನಾಲ್ಕೈದು ಎಲಿ ಹಚ್ಚಹಸರು. ಭಾಳೊತ್ತು ಏನೂ ಅನ್ನಲಿಲ್ಲ. ಆಮ್ಯಾಲ ಹತ್ರ ಹೋಗಿ ತುದಿ ಬೆರಳಿಲೆ ಬುಡ ಮುಟ್ಟಿ ನೋಡಿ, "ನೀರು ಕೇಳಾಕತ್ತೇತಿ" ಅಂದ್ಲು. ಚೆಂಬು ತಂದು ತನ್ನ ಮಕಕ್ಕ ತಾನ ನೀರು ಚಿಮಕಿಸಿದ್ಲು. ನಮ್ಮ ಅಕ್ಕ ಅಳಾಕತ್ತಿದ್ಲು, ನಾನೂ ಅತ್ತೆ.

ಎರಡನೇ ಎಡವಟ್ಟು ಮರುದಿನ. ನಮ್ಮದು ಮಾಳಿಗಿ ಮನಿ, ದೇವರ ಕೋಣಿಗೆ ಕಿಟಕಿ ಇಲ್ಲ ಅಂತ ಧೈರ್ಯಾದಿಂದ ಇಟ್ವಿ, ಮ್ಯಾಲ ಬೆಳಕಿಂಡಿ ಐತಿ ಅನ್ನೋದು ಯಾರಿಗೂ ನೆನಪಾಗಲಿಲ್ಲ. ಮಧ್ಯಾಹ್ನ ಬಿಸಲಿನ ಕೋಲು ನೆಟ್ಟಗ ಬಲಗೆನ್ನಿ ಮ್ಯಾಲ ಬಿದ್ದು ಹಂಗ ಕಿವಿ ಕಡೆ ಸರಕೊಂತ ಹೋಗೇತಿ, ಸಂಜೀಕ ನೋಡ್ತೀವಿ, ಕೆನ್ನಿ ಮ್ಯಾಲ ಒಂದು ಹಸರು ಪಟ್ಟಿ! ಇದನ್ನ ನಾನು ಅವರ ಸರ್ವಿಸ್ ಮ್ಯಾಲ ತಪ್ಪು ಅಂತನ ಹಾಕ್ತೀನಿ. ಎಲ್ಲಿ ಇಡ್ತೀರಿ, ಆ ಕೋಣಿಗೆ ಎಲ್ಲೆಲ್ಲಿಂದ ಬೆಳಕು ಬರತೈತಿ ಅಂತ ಅವ್ರು ಕೇಳಬೇಕಿತ್ತು, ಒಂದು ಚೀಟಿಯಾಗ ಬರದು ಕೊಡಬೇಕಿತ್ತು. ಬಾಯಿಲೆ ಹೇಳಿದ್ದು ಅವಸರದಾಗ ತಲ್ಯಾಗ ಉಳ್ಯಂಗಿಲ್ಲ. ಅವತ್ತು ಅವರ ಫೋನೂ ಎರಡು ತಾಸು ಹತ್ತಲಿಲ್ಲ, ನಾಲ್ಕೂವರಿ ಸಾವಿರ ಕೊಟ್ಟೋರಿಗೆ ಆ ಎರಡು ತಾಸು ಹೆಂಗಿರತಾವ ವಿಚಾರ ಮಾಡ್ರಿ. ಆಮ್ಯಾಲ ಫೋನ್ ಎತ್ತಿ ತಪ್ಪಾತು ಅಂದ್ರು, ಸರಿ ಮಾಡಾಕ ಬರಂಗಿಲ್ಲ, ಒಂದ್ಸಲ ಹಸರಾದದ್ದು ಇಷ್ಟರಾಗ ಮತ್ತ ಹಳದಿ ಆಗಂಗಿಲ್ಲ ಅಂದ್ರು. ಅವ್ವ ಮಾತ್ರ ಬೆಳಕಿಂಡಿಗೆ ಪರಸಿಕಲ್ಲು ಮುಚ್ಚಿಸಿ, "ಇರ್ಲಿ ಬಿಡು, ಹೊಲದಾಗ ದುಡದಾಕಿ ಮಕ, ಬಿಸಲು ಬಡೀದ ಇರತೈತೇನು" ಅಂದ್ಲು.

ಅಮಾಸಿ ದಿವಸ ಚರಗ ಚೆಲ್ಲಿ ಬಂದ ಮ್ಯಾಲ ಓಣಿ ಮಂದಿ ಎಲ್ಲಾ ಬಂದು ನೋಡಿದ್ರು, ಕೋಣಿ ಸಣ್ಣದು, ಒಮ್ಮೆ ನಾಲ್ಕು ಮಂದಿ. ಒಬ್ಬ ಮುದುಕಿ ಕೈಮುಗದ್ಲು, ಅವ್ವ ಬೈದು ಕೈ ಬಿಡಿಸಿದ್ಲು. ಕಲಾ ಪ್ರದರ್ಶನ ಅಂತ ನಾನು ಬೆಂಗಳೂರಾಗ ಎರಡು ಮೂರು ನೋಡೀನಿ, ಮಂದಿ ಇಷ್ಟು ಹೊತ್ತು ಒಂದು ಚಿತ್ರದ ಮುಂದ ಸುಮ್ಮನ ನಿಂತಿದ್ದು ಎಲ್ಲೂ ನೋಡಿಲ್ಲ.

ಕತ್ತಲಾಗಿಟ್ಟು ನೀರು ಹಾಕ್ಕೊಂತ ಹೋದ್ರ ಒಂದು ವಾರ ಬರತೈತಿ ಅಂದಿದ್ರು. ನಮ್ಮನ್ಯಾಗ ಬಂದಿದ್ದು ನಾಲ್ಕು ದಿವಸ. ಐದನೇ ದಿವಸ ಮುಂಜಾನಿ ಎದ್ದು ನೋಡ್ತೀನಿ, ಅವ್ವ ತಮ್ಮನ ಕೈಲೆ ಚೌಕಟ್ಟು ಹೊರಸಿ ಅಂಗಳಕ್ಕ ತಂದಿಟ್ಟಾಳ. ಯಾಕಬೇ ಇನ್ನ ಮೂರು ದಿವಸ ಇರತಿತ್ತಲ್ಲ ಅಂದ್ರ, "ಬೆಳ್ಯೋ ಬೆಳಿನ ಎಷ್ಟಂತ ಕತ್ತಲಾಗ ಕೂಡಿ ಹಾಕ್ತೀರಿ, ಹಳದಿ ಬಿದ್ದಿರೋದು ನೋಡಾಕ ಆಗವಲ್ದು ನಂಗ" ಅಂದ್ಲು. ಅರವತ್ತು ವರ್ಷ ಹೊಲ ಮಾಡಿದಾಕಿಗೆ ಹಳದಿ ಸಸಿ ಅಂದ್ರ ರೋಗ, ಅದು ತನ್ನ ಮಕ ಆದ್ರೂ ಅಷ್ಟ. ನಾನು ಕಟ್ಟಿಗೆ ಕುಂತು ನೋಡ್ಕೊಂತ ಇದ್ದೆ. ಹತ್ತು ಗಂಟೆಕ್ಕ ಸೆರಗು ಹೋತು. ಮಧ್ಯಾಹ್ನಕ್ಕ ಕೆನ್ನಿ ಗದ್ದ ಕೂಡಿದ್ವು. ಕಣ್ಣು ಭಾಳೊತ್ತು ಉಳದ್ವು, ಸಂಜಿ ಮಟಾ. ಮರುದಿನ ಅಂಗಳದಾಗ ಗೋದಿ ಇತ್ತು, ಬರೇ ಗೋದಿ.

ಒಂದು ವಾರ ಬಿಟ್ಟು ಆಡಿಗೆ ಹಾಕೋಕಿಂತ ಮುಂಚೆ ಅವ್ವ ನಂಗ ಫೋನ್ ಮಾಡಿ, ಇದು ಗೋದಿ ಹೌದಲ್ಲ, ಜ್ವಾಳ ಕೂಡಿಸಿಲ್ಲಲ್ಲ ಅಂತ ಎರಡು ಸಲ ಕೇಳಿದ್ಲು. ಎಳೇ ಜ್ವಾಳದ ಸಸಿಯೊಳಗ ಸೈನೈಡ್ ಆಗೋ ಅಂಶ ಇರತೈತಿ, ದನ ಆಡು ತಿಂದ್ರ ಜೀವಕ್ಕ ಅಪಾಯ, ಇದು ನಮ್ಮ ಕಡೆ ರೈತರಿಗೆಲ್ಲ ಗೊತ್ತಿದ್ದ ಮಾತು. ಹಂಗಾಗಿ ನೀವು ಮಾಡ್ಸಿದ್ರೂ ಗೋದಿನ ಮಾಡ್ಸ್ರಿ, ಜ್ವಾಳ ಬ್ಯಾಡ.

ಮಾಡ್ಸೋರಿಗೆ ಇನ್ನೆರಡು ಮಾತು. ದೀಪಾವಳಿಯಿಂದ ಶಿವರಾತ್ರಿ ಮಟಾ ಅಷ್ಟ ಆರ್ಡರ್ ತೊಗೋತಾರ, ನಮ್ಮ ಬ್ಯಾಸಗಿಗೆ ಸಸಿ ನಿಂದ್ರಂಗಿಲ್ಲ. ಒಂದು ತಿಂಗಳು ಮೊದ್ಲ ಹೇಳ್ರಿ, ಬೂಸರು ಬಂದ್ರ ಮತ್ತ ಹಾಕಾಕ ಟೈಮ್ ಬೇಕು. ಮಾಳಿಗಿ ಮನಿಯೋರು ಬೆಳಕಿಂಡಿ ನೋಡ್ಕೋರಿ. ರೇಟು ನಮ್ಮಂಥ ಪಗಾರದ ಮಂದಿಗೆ ಆಗತೈತಿ, ಹಳ್ಳಿ ಮಂದಿಗೆ ಹೆಚ್ಚಾತು, ಸಣ್ಣ ಸೈಜಿಂದು ಒಂದು ಮಾಡ್ರಿ ಅಂತ ನಾನು ಹೇಳೀನಿ, ಸಣ್ಣದರಾಗ ಮಕ ಮೂಡಂಗಿಲ್ಲ ಅಕ್ಕೋರ ಅಂತ ಅವರ ವಾದ. ಇದ್ದರೂ ಇರಬೇಕು, ಎಲಿಗಿಂತ ಸಣ್ಣ ಚುಕ್ಕಿ ಎಲ್ಲಿಂದ ತರೋದು.

ನಾನಂತೂ ಚೌಕಟ್ಟು ವಾಪಸ್ ಕೊಡಾಕ ಹೋದಾಗ್ಲೇ ಶಿವರಾತ್ರಿಗೆ ನಮ್ಮಪ್ಪಂದು ಮಾಡ್ರಿ ಅಂತ ಹೇಳಿ ಸಾವಿರ ಅಡ್ವಾನ್ಸ್ ಕೊಟ್ಟು ಬಂದಿದ್ದೆ, ಅಪ್ಪ ತೀರಿಕೊಂಡು ಆರು ವರ್ಷಾತು, ಪಟಗಾ ಸುತ್ತಿದ ಒಂದು ಹಳೇ ಫೋಟೋ ಐತಿ, ಅರ್ಧ ಬೆಳಕು ಅರ್ಧ ನೆಳ್ಳು, ಅವ್ರು ನೋಡಿದ ಕೂಡ್ಲೆ ಒಪ್ಪಿದ್ರು. ಊರಿಗೆ ಹೋದಾಗ ಅವ್ವಂಗ ಹೇಳ್ದೆ. ಕೇರೊ ಮರ ಬದಿಗಿಟ್ಟು, "ಬ್ಯಾಡವ್ವಾ, ನಿಮ್ಮಪ್ಪಂದು ಮಾಡಿಸಬ್ಯಾಡ" ಅಂದ್ಲು. "ನಂದಾದ್ರ ಆತು. ಅವರನ್ನ ಆಡಿಗೆ ಹಾಕಾಕ ನನ್ನ ಕೈಲೆ ಆಗಂಗಿಲ್ಲ."

ಫೋನ್ ಮಾಡಿ ಬ್ಯಾಡ ಅಂದೆ. ಯಾಕ ಅಂತ ಅವ್ರು ಕೇಳಲಿಲ್ಲ, ಅದೇ ದಿವಸ ಸಂಜೀಕ ಪೂರ್ತಿ ಸಾವಿರ ರೂಪಾಯಿ ಫೋನ್‌ಪೇ ಮಾಡಿದ್ರು.